ಮೊಮ್ಮಗು ಯಾರ ಕಸ್ಟಡಿಗೆ? ಅಜ್ಜ-ಅಜ್ಜಿಗೆ ಕಾನೂನು ಕೊಟ್ಟಿರೋ ಜಾಗ ಎಷ್ಟು

ನಮ್ಮ ಪಕ್ಕದ ಮನೆ ಅಜ್ಜಿ ಕಳೆದ ಜೂನ್‌ನಲ್ಲಿ ಶಾಲೆಯ ಒಂದು ಫಾರಂ ಹಿಡಿದುಕೊಂಡು ಬಂದರು. ‘ತಂದೆ/ತಾಯಿ/ಪೋಷಕರ ಸಹಿ’ ಅನ್ನೋ ಜಾಗ ಖಾಲಿ ಇತ್ತು. ಮಗಳು ತೀರಿಕೊಂಡು ನಾಲ್ಕು ವರ್ಷ. ಅಳಿಯ ಬೇರೆ ಊರಲ್ಲಿ, ಬೇರೆ ಸಂಸಾರದಲ್ಲಿ. ಮೊಮ್ಮಗಳ ಊಟ, ಜ್ವರ, ಹೋಂವರ್ಕ್ ಎಲ್ಲಾ ಈ ಅಜ್ಜಿಯದೇ. ‘ನಾನು ಸೈನ್ ಹಾಕ್ಬೋದಾ? ನಾಳೆ ಅವನು ಬಂದು ಮಗು ಕೊಡಿ ಅಂದ್ರೆ?’ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದವನ ಚಟ, ಫ್ಲೋಚಾರ್ಟ್ ಬರೆಯೋಕೆ ಕೂತೆ.

ಎರಡು ಪದ, ಎರಡು ಅರ್ಥ

ಮಗು ದಿನನಿತ್ಯ ಯಾರ ಜೊತೆ ಇರಬೇಕು ಅನ್ನೋದು ಕಸ್ಟಡಿ. ಮಗುವಿನ ಪರವಾಗಿ ನಿರ್ಧಾರ ತೆಗೆದುಕೊಳ್ಳುವ, ಅದರ ಆಸ್ತಿ ನೋಡಿಕೊಳ್ಳುವ ಅಧಿಕಾರ ಗಾರ್ಡಿಯನ್‌ಶಿಪ್. ವರ್ಷಗಟ್ಟಲೆ ಸಾಕಿದರೂ, ಹತ್ತು ಫಾರಂಗೆ ಸಹಿ ಹಾಕಿದರೂ ಅಜ್ಜಿ ತಾನಾಗೇ ಕಾನೂನಿನ ಗಾರ್ಡಿಯನ್ ಆಗಲ್ಲ.

ಕಾನೂನು ಏನು ಹೇಳುತ್ತೆ?

1956ರ ಹಿಂದೂ ಕಾಯ್ದೆಯ ಪ್ರಕಾರ ಸಹಜ ಪಾಲಕರು ತಂದೆ, ತಾಯಿ. ಆ ಪಟ್ಟಿಯಲ್ಲಿ ಅಜ್ಜ-ಅಜ್ಜಿ ಇಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನ ಹನಫಿ ಪದ್ಧತಿಯಲ್ಲಿ ಮಾತ್ರ, ಚಿಕ್ಕ ಮಗುವಿನ ಆರೈಕೆಯ ಹಕ್ಕಲ್ಲಿ ತಾಯಿಯ ನಂತರದ ಸರದಿ ತಾಯಿಯ ತಾಯಿಯದು.

ಎಲ್ಲ ಧರ್ಮದವರಿಗೂ ತೆರೆದಿರೋ ಬಾಗಿಲು ಬ್ರಿಟಿಷರ ಕಾಲದ್ದು: 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅದರ 8ನೇ ಸೆಕ್ಷನ್ ಪ್ರಕಾರ ಯಾವುದೇ ಸಂಬಂಧಿಕರು ಅರ್ಜಿ ಹಾಕಬಹುದು. ಆದರೆ 19ನೇ ಸೆಕ್ಷನ್ ಅಡ್ಡ ನಿಲ್ಲುತ್ತೆ: ತಂದೆ ಅಥವಾ ತಾಯಿ ಬದುಕಿದ್ದು, ಕೋರ್ಟಿನ ಕಣ್ಣಲ್ಲಿ ಅನರ್ಹರಲ್ಲದಿದ್ದರೆ, ಬೇರೆಯವರನ್ನು ಮಗುವಿನ ಗಾರ್ಡಿಯನ್ ಮಾಡುವಂತಿಲ್ಲ. 17ನೇ ಸೆಕ್ಷನ್ ಮಗುವಿನ ಕ್ಷೇಮವನ್ನು ಮುಂದಿಡುತ್ತೆ. ವಯಸ್ಸು, ರಕ್ತಸಂಬಂಧ, ಈವರೆಗಿನ ಒಡನಾಟ ನೋಡು ಅನ್ನುತ್ತೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು.

ಸುಪ್ರೀಂ ಕೋರ್ಟ್ ಎತ್ತ ವಾಲಿದೆ?

ಮೂರು ತೀರ್ಪು ನೋಡಿ. 2008ರಲ್ಲಿ, ಹೆಂಡತಿ ಸಾವಿನ ಪ್ರಕರಣದಲ್ಲಿ ಆರೋಪಿಯಾಗಿದ್ದ ತಂದೆಗೆ ಕೆಳಗಿನ ಕೋರ್ಟುಗಳು ಮಗು ಕೊಟ್ಟಿದ್ದವು. ಸುಪ್ರೀಂ ಕೋರ್ಟ್ ಹುಡುಗನನ್ನೇ ಕೇಳಿ, ತಾಯಿಯ ತಂದೆ-ತಾಯಿ ಬಳಿ ಉಳಿಸಿತು. 2022ರಲ್ಲಿ, ಕೋವಿಡ್‌ಗೆ ಇಬ್ಬರನ್ನೂ ಕಳೆದುಕೊಂಡ ಗುಜರಾತಿನ ಬಾಲಕ ಹೈಕೋರ್ಟ್ ಆದೇಶದಂತೆ ತಾಯಿಯ ಸಹೋದರಿಗೆ ಸೇರಬೇಕಿತ್ತು. ವಯಸ್ಸು, ಆದಾಯ ಮಾತ್ರವೇ ಮಾನದಂಡ ಅಲ್ಲ ಅಂತ ಹೇಳಿ ಸುಪ್ರೀಂ ಕೋರ್ಟ್ ಅವನನ್ನು ತಂದೆಯ ತಂದೆ-ತಾಯಿಗೆ ಒಪ್ಪಿಸಿತು. ಈ ಮಾತು ಸರಿ. ಆದರೆ ನಮ್ಮ ಸಮಾಜದಲ್ಲಿ ತಂದೆ ಕಡೆಯವರೇ ಚೆನ್ನಾಗಿ ನೋಡ್ಕೋತಾರೆ ಅನ್ನೋ ಧಾಟಿಯ ಸಮರ್ಥನೆ ನನಗೆ ಒಪ್ಪಿಗೆಯಿಲ್ಲ. ಅದು ಕ್ಷೇಮದ ಲೆಕ್ಕ ಅಲ್ಲ, ವಂಶದ ಲೆಕ್ಕ.

2025ರ ಫೆಬ್ರವರಿಯಲ್ಲಿ ಮಾತ್ರ ದಿಕ್ಕು ಬೇರೆ. ತಾಯಿ ತೀರಿಕೊಂಡಿದ್ದ ಮಗು ಅವಳ ತವರಲ್ಲಿತ್ತು. ಸಹಜ ಪಾಲಕನಾದ ತಂದೆಗಿಂತ ಅಜ್ಜ-ಅಜ್ಜಿಯ ಹಕ್ಕು ದೊಡ್ಡದಲ್ಲ ಅಂತ ಕೋರ್ಟ್ ಹೇಳಿತು.

ಅಂದರೆ ‘ನಾವೇ ಸಾಕಿದ್ದು’ ಅನ್ನೋ ವಾದ ಒಂದೇ ಸಾಲಲ್ಲ. ಈ ಮನೆ ಬಿಟ್ಟರೆ ಮಗುವಿಗೆ ಏನು ನಷ್ಟ, ತಂದೆಯ ಬಳಿ ಏನು ತೊಂದರೆ ಅಂತ ತೋರಿಸಬೇಕು.

ಏನು ಮಾಡಬೇಕು?

ಮಗು ಸಾಮಾನ್ಯವಾಗಿ ವಾಸವಿರೋ ಊರಿನ ವ್ಯಾಪ್ತಿಯ ಕೌಟುಂಬಿಕ ನ್ಯಾಯಾಲಯಕ್ಕೆ, ಅದಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ. ಗಾರ್ಡಿಯನ್ ಆಗಲು ಒಪ್ಪಿಗೆ ಇದೆ ಅನ್ನೋ ಹೇಳಿಕೆಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ತೀರ್ಪು ತಡವಾದರೆ 12ನೇ ಸೆಕ್ಷನ್ ಅಡಿ ಮಧ್ಯಂತರ ಕಸ್ಟಡಿ ಕೇಳಬಹುದು. ಜನನ-ಮರಣ ಪ್ರಮಾಣಪತ್ರ, ಫೀಸ್ ರಸೀದಿ, ಲಸಿಕೆ ಕಾರ್ಡ್ ಎತ್ತಿಡಿ. ಒಡನಾಟಕ್ಕೆ ಪುರಾವೆ ಇವೇ.

ವಕೀಲರ ಫೀಸ್ ಅಂತ ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತೆ. ಸಹಾಯವಾಣಿ 15100.

ಅಜ್ಜಿಗೆ ಇದೆಲ್ಲ ಹೇಳಿದೆ. ಅಳಿಯ ಬಂದು ಕೇಳಿದರೆ ಕಾನೂನು ಮೊದಲು ಅವನ ಕಡೆ ನೋಡುತ್ತೆ ಅನ್ನೋದನ್ನೂ ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳನ್ನ ಕೇಳ್ತಾರಲ್ವಾ?’ ಅಂದರು. ಮೊಮ್ಮಗಳಿಗೆ ಈಗ ಒಂಬತ್ತು. ಕೇಳೋ ಸಾಧ್ಯತೆ ಇದೆ ಅಂದೆ. ಅದು ‘ಸಾಧ್ಯತೆ’ಯಾಗಿ ಉಳಿಯದೆ ಕಡ್ಡಾಯ ಆಗಬೇಕು ಅನ್ನೋದು ನನ್ನ ವಾದ.