ಕೋಡಿಯಿಲ್ಲದ ಕೆರೆ

ನಾನು ಹುಟ್ಟಿ ಬೆಳೆದದ್ದು ಬೇಲೂರಿನ ಮಳೆಯಲ್ಲಿ. ಸೊಸೆಯಾಗಿ ಬಂದದ್ದು ಅರಸೀಕೆರೆಯ ಬಿಸಿಲಿಗೆ. ಎರಡೂ ಹಾಸನ ಜಿಲ್ಲೆಯ ತಾಲ್ಲೂಕುಗಳೇ. ಬಸ್ಸಿನಲ್ಲಿ ಕುಳಿತರೆ ಹಳೇಬೀಡು, ಜಾವಗಲ್ ದಾಟಿ ಹೋಗುವ ಹಾದಿ. ಆಷಾಢದಲ್ಲಿ ತವರಿನಿಂದ ಹೊರಟಾಗ ನೆನೆದಿದ್ದ ಸೀರೆಯ ಅಂಚು ಜಾವಗಲ್ ಬರುವ ಹೊತ್ತಿಗೆ ಒಣಗಿ ಗರಿಗರಿಯಾಗಿರುತ್ತಿತ್ತು. ಅಲ್ಲಿ “ಸಾಕಪ್ಪಾ ಈ ಮಳೆ” ಎನ್ನುವ ಅಮ್ಮ, ಇಲ್ಲಿ “ಒಂದು ಹದ ಮಳೆ ಬರಬಾರದಾ” ಎನ್ನುವ ಅತ್ತೆ. ಇಬ್ಬರ ನಡುವೆ ಮೂವತ್ತು ವರ್ಷ ಓಡಾಡಿದ ನನಗೆ ಅತಿ ಎಂದರೇನು ಎಂಬುದು ಬಹಳ ತಡವಾಗಿ ಅರ್ಥವಾಯಿತು. ಅದನ್ನು ಕಲಿಸಿದವಳು ನನ್ನದೇ ಶಾಲೆಯ ಒಬ್ಬ ಹುಡುಗಿ.

ಅವಳ ಮಾತಿಗೆ ಬರುವ ಮೊದಲು ತವರಿನ ಆಲೂಗೆಡ್ಡೆಯ ಕಥೆ ಹೇಳಬೇಕು. ಅಪ್ಪ ಮುಂಗಾರಿಗೆ ಆಲೂಗೆಡ್ಡೆ ಹಾಕುತ್ತಿದ್ದರು. ಬಿತ್ತನೆ ಗೆಡ್ಡೆ ದೂರದ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತಿತ್ತು. ತಳಿಯ ಹೆಸರು ಕುಫ್ರಿ ಜ್ಯೋತಿ. ಹದವಾಗಿ ಮಳೆಯಾದರೆ ಮೂರೇ ತಿಂಗಳಲ್ಲಿ ಕೈತುಂಬ ದುಡ್ಡು. ಜಡಿಮಳೆ ಹಿಡಿದು ನಾಲ್ಕು ದಿನ ಬಿಸಿಲು ಕಾಣದಿದ್ದರೆ ಅಂಗಮಾರಿ ಬಂತೆಂದೇ ಲೆಕ್ಕ. ಸಂಜೆ ಹಸಿರಾಗಿದ್ದ ಹೊಲ ಎರಡೇ ದಿನದಲ್ಲಿ ಸುಟ್ಟಂತೆ ಕಪ್ಪಾಗುತ್ತಿತ್ತು. ಇನ್ನೊಂದು ವರ್ಷ ರೋಗವೂ ಇಲ್ಲ, ಮಳೆಯ ಕಾಟವೂ ಇಲ್ಲ. ಎಲ್ಲರ ಹೊಲದಲ್ಲೂ ಗೆಡ್ಡೆಯೋ ಗೆಡ್ಡೆ. ಅಂದೇ ಅಪ್ಪ ತಲೆಗೆ ಕೈ ಹೊತ್ತು ಕುಳಿತದ್ದು. ಚೀಲದ ಕಾಸು, ಲಾರಿ ಬಾಡಿಗೆ ಕಳೆದರೆ ಕೈಯಿಂದಲೇ ಕೊಡಬೇಕಾದ ಸ್ಥಿತಿ. ಉಳಿದದ್ದನ್ನು ತಿಪ್ಪೆಗೆ ಸುರಿದರು. ಬೆಳೆ ಹೋದ ವರ್ಷಕ್ಕಿಂತ ಬೆಳೆ ಹೆಚ್ಚಾದ ವರ್ಷವೇ ಸಾಲ ಜಾಸ್ತಿಯಾದದ್ದು ಹೇಗೆಂದು ಆಗ ನನಗೆ ತಿಳಿಯಲಿಲ್ಲ.

ಮುಂದೆ ಬಿ.ಎ. ಓದುವಾಗ ಐರ್ಲೆಂಡಿನ ಬರಗಾಲದ ಬಗ್ಗೆ ಓದಿದೆ. 1845ರಲ್ಲಿ ಅಲ್ಲಿಯೂ ಇದೇ ಅಂಗಮಾರಿ ಬಿತ್ತು. ಬಡವರೆಲ್ಲ ಆಲೂಗೆಡ್ಡೆಯೊಂದನ್ನೇ ಬೆಳೆದು, ಅದೊಂದನ್ನೇ ಉಂಡು ಬದುಕುತ್ತಿದ್ದ ದೇಶ ಅದು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು. ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. ಒಂದೇ ಬೆಳೆಯ ಮೇಲೆ ಇಡೀ ಊರಿನ ಭಾರ ಹಾಕಬಾರದೆಂದು ಪರೀಕ್ಷೆಯಲ್ಲಿ ಬರೆದು ನಾನು ಅಂಕವನ್ನೂ ಪಡೆದೆ. ಆದರೆ ಮದುವೆಯಾಗಿ ಬಂದ ಊರಿನಲ್ಲಿ ಕಂಡದ್ದು ತೆಂಗು, ತೆಂಗು, ಬರೀ ತೆಂಗು.

ಅರಸೀಕೆರೆ, ತಿಪಟೂರು ಕಡೆಯ ಉಂಡೆ ಕೊಬ್ಬರಿಯ ಹೆಸರು ನಿಮಗೆ ಗೊತ್ತೇ ಇದೆ. ಕಾಯನ್ನು ಅಟ್ಟಕ್ಕೆ ಏರಿಸಿ, ಒಳಗಿನ ನೀರು ಇಂಗಿ ಗಿಟುಕು ಅಲುಗಾಡುವ ತನಕ ಹತ್ತು ಹನ್ನೊಂದು ತಿಂಗಳು ಕಾಯಬೇಕು. ನಾನು ಬಂದ ಹೊಸದರಲ್ಲಿ ಅತ್ತೆಯವರ ಅಟ್ಟ ತುಂಬಿರುತ್ತಿತ್ತು. ಮರಗಳ ನಡುವೆ ರಾಗಿ, ಅವರೆ, ಹುರುಳಿಯೂ ಇತ್ತು. ತೆಂಗಿಗೆ ಬೆಲೆ ಬಂದಂತೆ ರಾಗಿಯ ಜಾಗಕ್ಕೂ ತೆಂಗಿನ ಸಸಿ ಬಂತು. “ತಿಂಗಳ ಸಂಬಳದ ಹಾಗೆ ನೋಡು ಇದು” ಎಂದು ನಮ್ಮ ಯಜಮಾನರು ನನ್ನನ್ನೇ ಉದಾಹರಣೆ ಕೊಟ್ಟು ಹೇಳುತ್ತಿದ್ದರು.

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ನಮ್ಮ ಕಡೆಗೂ ಬಂತು. ಕಣ್ಣಿಗೆ ಕಾಣದ ಹುಳು. ಎಳೆಗಾಯಿಯ ತೊಟ್ಟಿನ ಬುಡದಲ್ಲಿ ಕುಳಿತು ರಸ ಹೀರಿ ಕಾಯನ್ನು ಮುರುಟಿಸುತ್ತಿತ್ತು. ಎಕರೆಗಟ್ಟಲೆ ತೆಂಗೇ ಇದ್ದರೆ ಅದಕ್ಕೆ ಹಬ್ಬವಲ್ಲದೆ ಇನ್ನೇನು? ಅದರ ಬೆನ್ನಿಗೇ 2001ರಿಂದ ಸಾಲಾಗಿ ಬರ. ಮರಗಳು ತಲೆ ಬಾಗಿಸಿದವು. ಕೆರೆ ಒಣಗಿತು, ತೆರೆದ ಬಾವಿ ಬತ್ತಿತು. ಆಗ ಊರೂರಿಗೆ ಬೋರ್‌ವೆಲ್ ಲಾರಿ ಬಂದದ್ದು. ನಮ್ಮ ತೋಟದಲ್ಲೂ ಕೊರೆಸಿದೆವು. ಮೊದಲ ಬಾವಿಯಲ್ಲಿ ಧೂಳು, ಎರಡನೆಯದರಲ್ಲಿ ಒಂದು ವರ್ಷದ ನೀರು, ಮೂರನೆಯದು ಇನ್ನೂ ಆಳ. ನನ್ನ ಬಳೆಗಳು ಆ ಮೂರನೆಯ ಬಾವಿಯೊಳಗೆ ಇವೆ ಎಂದು ನಾನು ತಮಾಷೆ ಮಾಡುವುದುಂಟು.

ಆ ಹುಡುಗಿ ನನ್ನ ತರಗತಿಗೆ ಬಂದದ್ದು ಆಗಲೇ, 2003ರಲ್ಲಿ. ಆರನೇ ತರಗತಿ, ಚುರುಕು, ಬಾಯ್ತುಂಬ ನಗು. ಆದರೆ ಹಲ್ಲಿನ ಮೇಲೆಲ್ಲ ಕಂದು ಪಟ್ಟೆ. ಒಂದು ದಿನ ಎಲ್ಲರೆದುರು ಅವಳನ್ನು ನಿಲ್ಲಿಸಿ, “ಹಲ್ಲುಜ್ಜೋದಕ್ಕೂ ಸೋಮಾರಿತನಾನಾ? ನಾಳೆ ಉಜ್ಜಿಕೊಂಡು ಬಾ” ಎಂದು ಗದರಿದೆ. ಮಕ್ಕಳು ನಕ್ಕರು. ಶುಚಿತ್ವದ ಪಾಠ ಮಾಡಿದೆನೆಂಬ ಸಮಾಧಾನ ನನಗೆ.

ಹತ್ತು ದಿನ ಕಳೆದ ಮೇಲೆ ಅವಳ ತಾಯಿ ಶಾಲೆಗೆ ಬಂದರು. “ಮಿಸ್, ನೀವೇ ಒಂದು ಮಾತು ಹೇಳಿ. ಇಟ್ಟಿಗೆ ಪುಡಿ ಹಾಕ್ಕೊಂಡು ಉಜ್ಜಿ ಉಜ್ಜಿ ಒಸಡಲ್ಲಿ ರಕ್ತ ಬರ್ತೈತೆ. ನಮ್ಮೂರಲ್ಲಿ ಎಲ್ಲಾ ಮಕ್ಕಳ ಹಲ್ಲೂ ಹಿಂಗೇ ಐತೆ” ಎಂದರು. ನಾನು ತಲೆ ತಗ್ಗಿಸಿದೆ. ಆ ಬಳಿಕ ತರಗತಿಯಲ್ಲಿ ಕಣ್ಣುಬಿಟ್ಟು ನೋಡಿದರೆ, ಅದೇ ಕಡೆಯಿಂದ ಬರುವ ಮಕ್ಕಳೆಲ್ಲರಿಗೂ ಅದೇ ಪಟ್ಟೆ. ಇಷ್ಟು ದಿನ ಹಾಜರಿ ಕೂಗಿದ್ದೆನೇ ಹೊರತು ಮುಖ ನೋಡಿರಲಿಲ್ಲ.

ಕೊಳವೆ ಬಾವಿಯ ನೀರಿನ ಫ್ಲೋರೈಡ್ ಅದಕ್ಕೆ ಕಾರಣವೆಂದು ಆರೋಗ್ಯ ಸಹಾಯಕಿಯೊಬ್ಬರು ತಿಳಿಸಿದರು. ಅರಸೀಕೆರೆ ತಾಲ್ಲೂಕಿನ ಅನೇಕ ಹಳ್ಳಿಗಳಲ್ಲಿ ಈ ತೊಂದರೆಯಿದೆ. ನೆಲದಾಳದ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ವಿಚಿತ್ರವೆಂದರೆ ಸ್ವಲ್ಪ ಫ್ಲೋರೈಡ್ ಹಲ್ಲಿಗೆ ಒಳ್ಳೆಯದೇ, ಪೇಸ್ಟಿನಲ್ಲೂ ಬೆರೆಸುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಅದನ್ನು ಮೀರಿದರೆ, ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲೇ ಕಲೆ ಬೀಳುತ್ತದೆ, ಉಜ್ಜಿದರೆ ಹೋಗುವುದಲ್ಲ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ ಬಿರುಸಾಗಿ ಸೊಂಟ, ಮೊಣಕಾಲು ಬಗ್ಗದಂತಾಗುತ್ತವೆ. ಕಾಯಿಸಿ ಆರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ಹೆಂಗಸರು ನಂಬುತ್ತೇವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಹಾಗಾದರೆ ಮೊದಲು ಈ ಊರಿನವರು ಏನು ಕುಡಿಯುತ್ತಿದ್ದರು? ಉತ್ತರ ಊರಿನ ಹೆಸರಿನಲ್ಲೇ ಇದೆ: ಅರಸಿಯ ಕೆರೆ. ಹೊಯ್ಸಳರ ಕಾಲದಲ್ಲಿ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಆ ಹೆಸರು ಬಂತೆನ್ನುತ್ತಾರೆ. 1220ರ ಸುಮಾರಿನ ಈಶ್ವರ ದೇವಾಲಯ ಇಂದಿಗೂ ಇಲ್ಲಿದೆ. ಅದರ ನಕ್ಷತ್ರಾಕಾರದ ಮುಖಮಂಟಪವನ್ನು ನೋಡಲು ಬರುವವರು ಕಡಿಮೆ. ಎಲ್ಲರೂ ಬೇಲೂರು, ಹಳೇಬೀಡಿಗೆ ಹೋಗುತ್ತಾರೆ. 2023ರಲ್ಲಿ ಅವು ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಕೇಳುವುದೇ ಬೇಡ. ನಾನೂ ಮಕ್ಕಳನ್ನು ಎಷ್ಟೋ ಸಲ ಪ್ರವಾಸಕ್ಕೆ ಕರೆದೊಯ್ದು, 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದನ್ನು ಬಾಯಿಪಾಠ ಮಾಡಿಸಿದ್ದೇನೆ. ಆ ಹುಡುಗಿಯ ಪ್ರಸಂಗವಾದ ಮೇಲೆ ಹಳೇಬೀಡಿಗೆ ಹೋದಾಗ ಮಾತ್ರ ಗುಡಿ ನೋಡಿ ಮುಗಿಸಿ, ಮಕ್ಕಳನ್ನು ಪಕ್ಕದ ಕೆರೆಯ ಏರಿಯ ಮೇಲೆ ಕೂರಿಸಿದೆ. ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ, ದ್ವಾರಸಮುದ್ರ. ಸಮುದ್ರವೆಂದರೆ ಈ ಕೆರೆಯೇ. ಗುಡಿಗೆ ಬಂದವರು ಅದಕ್ಕೆ ಬೆನ್ನು ತಿರುಗಿಸಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಹಳಬರ ಕೆರೆಗೆ ಮೂರು ಅಂಗ. ನೀರನ್ನು ತಡೆಯುವ ಏರಿ, ಬೇಕಾದಷ್ಟು ಬಿಡುವ ತೂಬು, ಹೆಚ್ಚಾದದ್ದನ್ನು ಹೊರಗೆ ಕಳಿಸುವ ಕೋಡಿ. ಕೋಡಿಯಿಲ್ಲದ ಕೆರೆಯ ಏರಿ ಒಂದಲ್ಲ ಒಂದು ಮಳೆಗಾಲ ಒಡೆಯುತ್ತದೆ. ಕೋಡಿಯ ನೀರು ವ್ಯರ್ಥವೂ ಅಲ್ಲ. ಹಳ್ಳದಲ್ಲಿ ಹರಿದು ಕೆಳಗಿನ ಊರಿನ ಕೆರೆ ತುಂಬುತ್ತದೆ, ಅದರ ಕೋಡಿ ಇನ್ನೊಂದರದ್ದನ್ನು. ಮೇಲಿನವರಿಗೆ ಹೆಚ್ಚಾದದ್ದು ಕೆಳಗಿನವರಿಗೆ ಆದಾಯ. ಕೆರೆ ಕಟ್ಟಿಸಿದವರಿಗೆ, ಕಾಯ್ದುಕೊಂಡವರಿಗೆ ಭೂಮಿ ಬಿಟ್ಟ ದತ್ತಿಗಳನ್ನು ಶಾಸನಗಳು ಕಟ್ಟುಗೊಡಗೆ, ಬಿತ್ತುವಟ್ಟ ಎಂದು ಕರೆಯುತ್ತವೆ. ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬರುತ್ತಿತ್ತು. ಅದು ಮಳೆಯ ನೀರು, ಬಂಡೆಯಡಿ ಕೊಳೆತದ್ದಲ್ಲ.

ಹಾಗೆಂದು ಹೊಯ್ಸಳರಿಗೆ ಎಲ್ಲವೂ ತಿಳಿದಿತ್ತೆಂದು ನಾನು ಹೇಳುವುದಿಲ್ಲ. ನೀರಿಗೆ ಕೋಡಿ ಇಟ್ಟವರು ಭಂಡಾರಕ್ಕೆ ಇಡಲಿಲ್ಲ. ಒಂದೇ ಊರಿನಲ್ಲಿ ಕೂಡಿಟ್ಟ ಸಂಪತ್ತಿನ ಸುದ್ದಿ ದೂರಕ್ಕೆ ಹೋಗುತ್ತದೆ. 1311ರಲ್ಲಿ ದೆಹಲಿಯ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ ಬಂದ. ಮೂರನೆಯ ಬಲ್ಲಾಳ ಆನೆ, ಕುದುರೆ, ಹೊನ್ನು ಒಪ್ಪಿಸಿ ಉಳಿಯಬೇಕಾಯಿತು. 1327ರಲ್ಲಿ ಮತ್ತೆ ದಾಳಿ. ರಾಜಧಾನಿ ಹಳೆಯ ಬೀಡಾಯಿತು. ಕೆರೆ ಮಾತ್ರ ಉಳಿದಿದೆ.

ನಮ್ಮ ತೋಟಕ್ಕೂ, ಅಟ್ಟಕ್ಕೂ ಕೋಡಿ ಇರಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ಮರುವರ್ಷ 12,000. ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಖರೀದಿ ಕೇಂದ್ರದ ನೋಂದಣಿಗೆ ರೈತರು ರಾತ್ರಿಯಿಂದಲೇ ಸಾಲು ನಿಂತರು. ನಮ್ಮ ಯಜಮಾನರೂ ಚಾದರ ಹೊದ್ದು ನಿಂತರು. ಬೆಲೆ ಏರಲೆಂದು ಇಟ್ಟುಕೊಂಡ ಕೊಬ್ಬರಿಗೆ ಹುಳು ಬಿತ್ತು. 2025ರಲ್ಲಿ ಬೆಲೆ 20,000 ದಾಟಿತು. ಅಷ್ಟರಲ್ಲಿ ಮರದಲ್ಲಿ ಕಾಯಿಲ್ಲ, ಅಟ್ಟ ಖಾಲಿ. “ಮೂರು ಪಾಲು ಮಾಡಮ್ಮಾ. ಒಂದು ಮಾರು, ಒಂದು ಇಟ್ಕೋ, ಒಂದು ಕೊಡು” ಎಂದು ಅತ್ತೆ ಹೇಳುತ್ತಿದ್ದರು. ನಾವು ಓದಿದವರು, ಕೇಳಲಿಲ್ಲ.

ನೀರಿನ ವಿಚಾರದಲ್ಲಾದರೂ ಕೇಳಬೇಕಿತ್ತು. 2024ರಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಯಾಯಿತು. ಸಕಲೇಶಪುರದ ಕಾಡಿನ ನೀರನ್ನು ಪಂಪಿನಿಂದ ಎತ್ತಿ, ಕಾಲುವೆಯಲ್ಲಿ ಬಯಲುಸೀಮೆಗೆ ಹರಿಸುವ ಯೋಜನೆ. ಇಲ್ಲಿಯವಳಾಗಿ ನನಗೆ ಆಸೆ, ಮಲೆನಾಡಿನ ಮಗಳಾಗಿ ಆ ಹೊಳೆಗಳ ಬಗ್ಗೆ ಆತಂಕ. ಕೋಡಿಯ ನೀರು ತಾನಾಗಿ ಇಳಿದು ಬರುತ್ತದೆ. ಎತ್ತಿ ತರುವ ನೀರಿನಲ್ಲಿ ಹೆಚ್ಚಾದದ್ದೆಷ್ಟು, ಬೇಕಾದದ್ದೆಷ್ಟು ಎಂದು ಯಾರಾದರೂ ಅಳೆಯುತ್ತಲೇ ಇರಬೇಕು. ಮೇಲೆ ಬಿದ್ದ ಮಳೆಯನ್ನು ಚರಂಡಿಗೆ ಬಿಟ್ಟು, ಕಾಲುವೆಗೆ ಬಾಯಿಬಿಟ್ಟು ಕೂರುವುದಂತೂ ನಮಗೆ ಶೋಭೆಯಲ್ಲ. ನಮ್ಮ ತಾರಸಿಯ ನೀರು ಈಗ ಸೋಸಿಕೊಂಡು ತೊಟ್ಟಿಗೆ ಬೀಳುತ್ತದೆ. ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲದಷ್ಟು ಕಡಿಮೆ. ಅಡುಗೆಗೆ, ಕುಡಿಯಲು ಅದೇ. ನೀವು ಬಯಲುಸೀಮೆಯವರಾದರೆ, ಮನೆಯಲ್ಲಿ ಎಳೆಯ ಮಕ್ಕಳಿದ್ದರೆ, ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಕಳೆದ ವರ್ಷ ಸಂಬಂಧಿಕರ ಮನೆಗೆ ಹೋದಾಗ ಆ ಊರಿನ ಶುದ್ಧ ನೀರಿನ ಘಟಕದ ಮುಂದೆ ಆ ಹುಡುಗಿ ಸಿಕ್ಕಳು. ಎರಡು ಮಕ್ಕಳ ತಾಯಿ. “ಮಿಸ್, ಚೆನ್ನಾಗಿದ್ದೀರಾ?” ಎಂದು ನಕ್ಕಳು. ನಗುವಾಗ ಸೆರಗು ಬಾಯಿಗೆ ಬಂತು. ಇಪ್ಪತ್ತು ವರ್ಷದಿಂದ ಹೇಳಬೇಕೆಂದಿದ್ದ ಮಾತನ್ನು ಅಲ್ಲೇ, ಕ್ಯಾನುಗಳ ಸಾಲಿನ ನಡುವೆ ಹೇಳಿದೆ: “ಅವತ್ತು ನಾನು ನಿನ್ನನ್ನು ಬೈದದ್ದು ತಪ್ಪು ಕಣಮ್ಮಾ.” ಅವಳು ಕ್ಷಣಕಾಲ ಸುಮ್ಮನಿದ್ದು, “ನಿಮಗೂ ಗೊತ್ತಿರ್ಲಿಲ್ಲ ಬಿಡಿ ಮಿಸ್” ಎಂದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಮಗಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ, “ಹಲ್ಲು ತೋರ್ಸೆ ಮಿಸ್‌ಗೆ” ಎಂದಳು. ಮಗು ಬಾಯಿ ತೆರೆಯಿತು. ಬಿಳಿಯ ಹಲ್ಲು. ಮುಂದಿನ ಎರಡು ಬಿದ್ದು, ಹೊಸವು ಆಗಷ್ಟೇ ಇಣುಕುತ್ತಿದ್ದವು.