ಕೌಂಟರ್ ದಾಟಿ ಒಳಗೆ ಬಂದ ಗಿರಾಕಿ

ದಿನಸಿ ಅಂಗಡಿಯೊಳಗೆ ಓಡಾಡುತ್ತ ಬೇಕಾದ್ದನ್ನು ತಾನೇ ಎತ್ತಿಕೊಂಡು, ಹೊರಡುವಾಗ ದುಡ್ಡು ಕೊಡುವ ಪದ್ಧತಿಗೆ ನೂರು ವರ್ಷಕ್ಕಿಂತ ತುಸು ಹೆಚ್ಚಿನ ವಯಸ್ಸಷ್ಟೇ. ಅದಕ್ಕೂ ಮೊದಲು ಅಮೆರಿಕದಲ್ಲೂ ಕಿರಾಣಿ ವ್ಯಾಪಾರ ಹೆಚ್ಚುಕಡಿಮೆ ನಮ್ಮ ಶೆಟ್ಟರ ಅಂಗಡಿಯ ಹಾಗೆಯೇ ಸಾಗುತ್ತಿತ್ತು. ಗಿರಾಕಿ ಕೌಂಟರಿನ ಈಚೆ, ಸಾಮಾನೆಲ್ಲ ಆಚೆ. ಪೀಪಾಯಿಯಲ್ಲಿದ್ದ ಹಿಟ್ಟು, ಸಕ್ಕರೆಯನ್ನು ಗುಮಾಸ್ತ ತೂಗಿ, ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಲೆಕ್ಕ ಉದ್ರಿ ಪುಸ್ತಕಕ್ಕೆ ಹೋಗುತ್ತಿತ್ತು. ಎಷ್ಟೋ ಸಲ ಸಾಮಾನನ್ನು ಮನೆಗೇ ತಲುಪಿಸುತ್ತಿದ್ದರು. ಬಾಯಿಬಿಟ್ಟು ಕೇಳಿದ ಸಾಮಾನಷ್ಟೇ ಕೈಗೆ ಬರುತ್ತಿದ್ದುದರಿಂದ, ಕೊಳ್ಳುವ ತೀರ್ಮಾನ ಬಹುಪಾಲು ಮನೆಯಲ್ಲೇ ಆಗಿಬಿಡುತ್ತಿತ್ತು.

ಈ ಪದ್ಧತಿಯಲ್ಲಿ ಅಂಗಡಿಯವನಿಗೆ ಖರ್ಚು ಬಹಳ. ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಸಗಟು ದಿನಸಿ ವ್ಯಾಪಾರಿಗಳ ಪರವಾಗಿ ಅಂಗಡಿ ಅಂಗಡಿ ಸುತ್ತಿದ್ದ ಕ್ಲಾರೆನ್ಸ್ ಸಾಂಡರ್ಸ್ ಇದನ್ನು ಹತ್ತಿರದಿಂದ ಕಂಡಿದ್ದ. ವಸೂಲಾಗದ ಉದ್ರಿ, ಗುಮಾಸ್ತರ ಸಂಬಳ ಇವೆರಡರ ಭಾರಕ್ಕೆ ಸಣ್ಣ ಅಂಗಡಿಗಳು ಮುಳುಗುತ್ತಿದ್ದವು. 1916ರ ಸೆಪ್ಟೆಂಬರ್‌ನಲ್ಲಿ ಅವನು ಮೆಂಫಿಸ್‌ನ ಜೆಫರ್ಸನ್ ಅವೆನ್ಯೂದಲ್ಲಿ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದ. ಉದ್ರಿ ಇಲ್ಲ, ಮನೆಗೆ ತಲುಪಿಸುವುದಿಲ್ಲ, ತೆಗೆದುಕೊಡುವ ಗುಮಾಸ್ತನೂ ಇಲ್ಲ. ಬದಲಿಗೆ ಬೆಲೆ ಕಡಿಮೆ.

ಆ ಅಂಗಡಿಯ ನಕ್ಷೆಯನ್ನು ನಿಧಾನವಾಗಿ ನೋಡಬೇಕು. ಬಾಗಿಲಲ್ಲಿ ತಿರುಗುಗೇಟು, ದಾಟಿದ ಕೂಡಲೇ ಕೈಗೊಂದು ಬುಟ್ಟಿ. ಎರಡೂ ಬದಿ ಕಪಾಟುಗಳ ನಡುವೆ ಹಾವಿನಂತೆ ಸುತ್ತುವ ಒಂದೇ ದಾರಿ. ಉಪ್ಪು ಮಾತ್ರ ಬೇಕಾಗಿದ್ದರೂ ಎಲ್ಲ ಕಪಾಟುಗಳ ಮುಂದೆ ಹಾದೇ ಹೊರಬರಬೇಕು. ಪ್ರತಿ ಸಾಮಾನಿಗೂ ಬೆಲೆಚೀಟಿ. ದಾರಿಯ ಕೊನೆಯಲ್ಲಿ ಲೆಕ್ಕ ಹಾಕಿ ಹಣ ಪಡೆಯುವವರು. 1917ರಲ್ಲಿ ಸಾಂಡರ್ಸ್ ಈ ಏರ್ಪಾಟಿಗೆ ಪೇಟೆಂಟನ್ನೇ ಪಡೆದ.

ಹೀಗೆ ಗುಮಾಸ್ತನ ಕೆಲಸ ಸಂಬಳವಿಲ್ಲದೆ ಗಿರಾಕಿಯ ಪಾಲಿಗೆ ಬಂತು. ಗಿರಾಕಿಗೆ ಅದು ಹೊರೆ ಅನ್ನಿಸಲಿಲ್ಲ. ಅಗ್ಗದ್ದನ್ನು ಆರಿಸಿದರೆ ಯಾರೇನು ಅಂದುಕೊಂಡಾರು ಎಂಬ ಸಂಕೋಚ ತಪ್ಪಿತು, ಮುಟ್ಟಿ, ಹೋಲಿಸಿ ನೋಡುವ ಸ್ವಾತಂತ್ರ್ಯ ಸಿಕ್ಕಿತು. ಆ ಸ್ವಾತಂತ್ರ್ಯದ ಜೊತೆಗೇ ಹೊಸ ಚಾಳಿಯೂ ಅಂಟಿತು: ಕಣ್ಣಿಗೆ ಬಿದ್ದದ್ದು ಬೇಕೆನಿಸತೊಡಗಿತು. ಇದು ಇರಲಿ ಎಂದು ಗುಮಾಸ್ತ ಹೇಳುತ್ತಿದ್ದ ಮಾತನ್ನು ಈಗ ಡಬ್ಬಿಯ ಬಣ್ಣ, ಮೇಲಿನ ಹೆಸರು ಹೇಳಬೇಕಾಯಿತು. ಬ್ರ್ಯಾಂಡುಗಳಿಗೆ ಇಷ್ಟು ಬಲ ಬಂದದ್ದರಲ್ಲಿ ಖಾಲಿಯಾದ ಆ ಜಾಗದ ಪಾಲು ದೊಡ್ಡದು. ಸಾಂಡರ್ಸ್ ಮಾತ್ರ ಷೇರುಪೇಟೆಯ ಜಗಳದಲ್ಲಿ ಸಿಕ್ಕಿ 1923ರಲ್ಲಿ ಕಂಪನಿಯನ್ನೇ ಕಳೆದುಕೊಂಡ.

ಉಳಿದ ಅಡ್ಡಿ ಗಿರಾಕಿಯ ತೋಳು. ಬುಟ್ಟಿ ಭಾರವಾದರೆ ಖರೀದಿ ಅಲ್ಲಿಗೇ ನಿಲ್ಲುತ್ತದೆ. ಒಕ್ಲಹೋಮ ಸಿಟಿಯ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್ ಮಡಚುವ ಕುರ್ಚಿಯನ್ನು ನೋಡಿ, ಅದಕ್ಕೆ ಚಕ್ರ, ಬುಟ್ಟಿ ಸೇರಿಸುವ ಯೋಚನೆ ಮಾಡಿ 1937ರಲ್ಲಿ ತಳ್ಳುಗಾಡಿ ತಂದ. ಮೊದಲಿಗೆ ಯಾರೂ ಮುಟ್ಟಲಿಲ್ಲ. ಗಂಡಸರಿಗೆ ತಮ್ಮನ್ನು ಬಲವಿಲ್ಲದವರೆಂದುಕೊಂಡಾರು ಎಂಬ ಅಳುಕು. ಹೆಂಗಸರಿಗೆ ಮಕ್ಕಳ ಗಾಡಿ ತಳ್ಳಿಯೇ ಸಾಕಾಗಿತ್ತು. ಆಗ ಗೋಲ್ಡ್‌ಮನ್ ಕೂಲಿ ಕೊಟ್ಟು ಬೇರೆ ಬೇರೆ ವಯಸ್ಸಿನವರನ್ನು ಅಂಗಡಿಯಲ್ಲಿ ಗಾಡಿ ತಳ್ಳಿಕೊಂಡು ಓಡಾಡಲು ಬಿಟ್ಟ. ನಾಲ್ಕು ಜನ ಮಾಡುವುದನ್ನು ಕಂಡಮೇಲೆ ಉಳಿದವರೂ ಹಿಡಿದರು. ಕೊಳ್ಳುವ ಅಭ್ಯಾಸ ಹುಟ್ಟುವುದು ಹೀಗೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಯೋಜನೆಯಿಲ್ಲದ ಖರೀದಿ ಮುಂದೆ ಅಧ್ಯಯನದ ವಿಷಯವೂ ಆಯಿತು. 1962ರಲ್ಲಿ ಸಂಶೋಧಕ ಹಾಕಿನ್ಸ್ ಸ್ಟರ್ನ್ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ: ಶುದ್ಧ ಚಪಲದ್ದು, ಮನೆಯಲ್ಲಿ ಮುಗಿದಿದೆಯೆಂದು ಕಂಡಾಗ ನೆನಪಾಗುವಂಥದ್ದು, ಹೊಸ ಸಾಮಾನು ಕಂಡು ಇದರಿಂದ ಉಪಯೋಗವಿದೆ ಅನ್ನಿಸುವಂಥದ್ದು, ರಿಯಾಯಿತಿ ಸಿಕ್ಕರೆ ಏನಾದರೂ ಕೊಳ್ಳೋಣವೆಂದು ಮೊದಲೇ ಮನಸ್ಸು ಮಾಡಿ ಬಂದದ್ದು. ನಾಲ್ಕರಲ್ಲಿ ಚಪಲ ಒಂದೇ ಒಂದು ಎಂಬುದು ಗಮನಾರ್ಹ. ಗಿರಾಕಿಯನ್ನು ದಡ್ಡನೆಂದು ತಳ್ಳಿಹಾಕುವವರು ಇದನ್ನು ಮರೆಯುತ್ತಾರೆ. ನೆನಪಿಟ್ಟುಕೊಳ್ಳುವ ಕೆಲಸವನ್ನು ಆತ ಕಪಾಟಿಗೆ ಒಪ್ಪಿಸಿರುತ್ತಾನೆ, ಅಷ್ಟೆ.

1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡನ್ನು ಯಂತ್ರ ಓದಿತು. ಯಾವ ಸಾಮಾನು ಯಾವ ದಿನ, ಯಾವುದರ ಜೊತೆ ಹೋಯಿತು ಎಂಬ ಲೆಕ್ಕ ಅಲ್ಲಿಂದಾಚೆಗೆ ತಾನಾಗಿ ಕೂಡಿಬರತೊಡಗಿತು.

ಭಾರತದಲ್ಲಿ ತಾನೇ ಆರಿಸಿಕೊಳ್ಳುವ ಅಂಗಡಿ ಬಹುಕಾಲ ದೊಡ್ಡ ಊರುಗಳ ಕೆಲವೇ ಬೀದಿಗಳಲ್ಲಿತ್ತು. 1996ರಲ್ಲಿ ಚೆನ್ನೈನಲ್ಲಿ ಫುಡ್‌ವರ್ಲ್ಡ್, 2001ರಲ್ಲಿ ಬಿಗ್ ಬಜಾರ್ ಶುರುವಾದ ಮೇಲೆ ಬೆಂಗಳೂರಿನ ಮಧ್ಯಮ ವರ್ಗಕ್ಕೂ ತಳ್ಳುಗಾಡಿ ರೂಢಿಯಾಯಿತು. ಆದರೂ ದೇಶದ ದಿನಸಿ ವ್ಯಾಪಾರದ ಬಹುಪಾಲು ಈಗಲೂ ಕಿರಾಣಿ ಅಂಗಡಿಗಳದ್ದೇ. ಸಾಂಡರ್ಸ್ ದಂಡವೆಂದು ಕಿತ್ತುಹಾಕಿದ ಉದ್ರಿ ಮತ್ತು ಮನೆಬಾಗಿಲಿಗೆ ತಲುಪಿಸುವ ಸೌಕರ್ಯ, ಇವೆರಡೂ ಅವುಗಳನ್ನು ಉಳಿಸಿರುವ ಮುಖ್ಯ ಕಾರಣಗಳಲ್ಲಿ ಸೇರಿವೆ.