ಬಹಿರುಷ್ಣಕ ಮತ್ತು ಅಂತರುಷ್ಣಕ ಕ್ರಿಯೆಗಳು

ನಡೆಯುವಾಗ ಸುತ್ತಲಿನ ಪರಿಸರಕ್ಕೆ ಉಷ್ಣವನ್ನು ಬಿಟ್ಟುಕೊಡುವ ರಾಸಾಯನಿಕ ಕ್ರಿಯೆಯನ್ನು ಬಹಿರುಷ್ಣಕ ಕ್ರಿಯೆ ಎಂದೂ, ಪರಿಸರದಿಂದ ಉಷ್ಣವನ್ನು ಹೀರಿಕೊಳ್ಳುವ ಕ್ರಿಯೆಯನ್ನು ಅಂತರುಷ್ಣಕ ಕ್ರಿಯೆ ಎಂದೂ ಕರೆಯುತ್ತಾರೆ. ಇಂಧನಗಳ ದಹನ ಮತ್ತು ಜೀವಿಗಳ ಉಸಿರಾಟ ಮೊದಲನೆಯದಕ್ಕೆ ಉದಾಹರಣೆಗಳು. ಸುಣ್ಣದ ಕಲ್ಲಿನ ವಿಭಜನೆ ಎರಡನೆಯದಕ್ಕೆ ಉದಾಹರಣೆ. ಎರಡು ಬಗೆಯ ಕ್ರಿಯೆಗಳಲ್ಲಿಯೂ ಶಕ್ತಿಯು ಹೊಸದಾಗಿ ಹುಟ್ಟುವುದಿಲ್ಲ, ನಾಶವಾಗುವುದೂ ಇಲ್ಲ. ಈ ಉಷ್ಣ ವಿನಿಮಯವನ್ನು ಅಧ್ಯಯನ ಮಾಡುವ ಶಾಖೆಯೇ ಉಷ್ಣರಸಾಯನಶಾಸ್ತ್ರ.

ಕಾರಣ

ಕ್ರಿಯೆಯಲ್ಲಿ ಪ್ರತಿವರ್ತಕಗಳ ರಾಸಾಯನಿಕ ಬಂಧಗಳು ಮುರಿದು, ಉತ್ಪನ್ನಗಳಲ್ಲಿ ಹೊಸ ಬಂಧಗಳು ಏರ್ಪಡುತ್ತವೆ. ಬಂಧವನ್ನು ಮುರಿಯಲು ಶಕ್ತಿಯನ್ನು ಒದಗಿಸಬೇಕು. ಬಂಧ ಏರ್ಪಟ್ಟಾಗ ಶಕ್ತಿ ಬಿಡುಗಡೆಯಾಗುತ್ತದೆ. ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಎಂಬ ರೂಢಿಯ ಕಲ್ಪನೆ ತಪ್ಪು.

ಉದಾಹರಣೆಗೆ, ಒಂದು ಮೋಲ್ ಹೈಡ್ರೋಜನ್ ಅನಿಲದ ಬಂಧಗಳನ್ನು ಮುರಿಯಲು ಸುಮಾರು 436 ಕಿಲೋಜೂಲ್, ಒಂದು ಮೋಲ್ ಕ್ಲೋರಿನ್ ಅನಿಲದ ಬಂಧಗಳನ್ನು ಮುರಿಯಲು ಸುಮಾರು 243 ಕಿಲೋಜೂಲ್ ಬೇಕು. ಒಟ್ಟು ವೆಚ್ಚ 679 ಕಿಲೋಜೂಲ್. ಇವುಗಳಿಂದ ಎರಡು ಮೋಲ್ ಹೈಡ್ರೋಜನ್ ಕ್ಲೋರೈಡ್ ಉಂಟಾಗುವಾಗ, ಮೋಲ್ ಒಂದಕ್ಕೆ 432ರಂತೆ, 864 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಉಳಿದ 185 ಕಿಲೋಜೂಲ್ ಉಷ್ಣವಾಗಿ ಹೊರಬರುವುದರಿಂದ ಇದು ಬಹಿರುಷ್ಣಕ ಕ್ರಿಯೆ.

ಎಂಥಾಲ್ಪಿ ಬದಲಾವಣೆ

ಸ್ಥಿರ ಒತ್ತಡದಲ್ಲಿ ವಿನಿಮಯವಾಗುವ ಉಷ್ಣವನ್ನು ಎಂಥಾಲ್ಪಿ ಬದಲಾವಣೆ ಎನ್ನುತ್ತಾರೆ. ಬಹಿರುಷ್ಣಕ ಕ್ರಿಯೆಗಳಲ್ಲಿ ಇದರ ಬೆಲೆ ಋಣಾತ್ಮಕ, ಅಂತರುಷ್ಣಕ ಕ್ರಿಯೆಗಳಲ್ಲಿ ಧನಾತ್ಮಕ.

ಸುಣ್ಣದ ಉದಾಹರಣೆ

ಸುಣ್ಣದ ತಯಾರಿಕೆ ಮತ್ತು ಬಳಕೆಯಲ್ಲಿ ಎರಡೂ ಬಗೆಯ ಕ್ರಿಯೆಗಳನ್ನು ಕಾಣಬಹುದು.

1. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಪ್ರತಿ ಮೋಲ್‌ಗೆ ಸುಮಾರು 178 ಕಿಲೋಜೂಲ್ ಹೀರಲ್ಪಡುತ್ತದೆ.

2. ಸುಟ್ಟ ಸುಣ್ಣ ನೀರಿನೊಡನೆ ಸೇರಿ ಅರಳಿದ ಸುಣ್ಣವಾಗುವಾಗ ಸುಮಾರು 65 ಕಿಲೋಜೂಲ್ ಬಿಡುಗಡೆಯಾಗುತ್ತದೆ. 56 ಗ್ರಾಂ ಸುಟ್ಟ ಸುಣ್ಣದಿಂದ ಬರುವ ಈ ಉಷ್ಣವು 200 ಗ್ರಾಂ ನೀರನ್ನು ಕೋಣೆಯ ತಾಪದಿಂದ ಕುದಿಯುವ ಹಂತದ ಸಮೀಪಕ್ಕೆ ಒಯ್ಯಬಲ್ಲದು. ಕುದಿದು ಸಿಡಿಯುವ ಸುಣ್ಣದ ನೀರು ಬಿಸಿಯೂ ಪ್ರಬಲ ಕ್ಷಾರವೂ ಆಗಿರುವುದರಿಂದ ಕಣ್ಣಿಗೆ ಬಹಳ ಅಪಾಯಕಾರಿ.

3. ಗೋಡೆಗೆ ಬಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವಾಗ ಸುಮಾರು 113 ಕಿಲೋಜೂಲ್ ಹೊರಬರುತ್ತದೆ. ಕ್ರಿಯೆ ನಿಧಾನವಾಗಿ ನಡೆಯುವುದರಿಂದ ಗೋಡೆ ಬಿಸಿಯಾದದ್ದು ತಿಳಿಯುವುದಿಲ್ಲ.

ಕೊನೆಯ ಎರಡು ಹಂತಗಳಲ್ಲಿ ಹೊರಬಂದ ಉಷ್ಣದ ಮೊತ್ತವೂ 178 ಕಿಲೋಜೂಲ್. ಗೂಡಿನಲ್ಲಿ ಕಲ್ಲು ಹೀರಿಕೊಂಡದ್ದು ಪೂರ್ತಿಯಾಗಿ ಹಿಂದಿರುಗುತ್ತದೆ.

ಆರಂಭ ಮತ್ತು ದಿಕ್ಕು

ಬಹಿರುಷ್ಣಕ ಕ್ರಿಯೆಗಳೆಲ್ಲವೂ ತಾವಾಗಿಯೇ ಶುರುವಾಗುವುದಿಲ್ಲ. ಸೌದೆ ಉರಿಯಬೇಕಾದರೆ ಮೊದಲು ಕಿಡಿ ತಾಗಬೇಕು. ಆರಂಭಕ್ಕೆ ಬೇಕಾದ ಈ ಕನಿಷ್ಠ ಶಕ್ತಿಯನ್ನು ಸಕ್ರಿಯಗೊಳಿಕೆಯ ಶಕ್ತಿ ಎನ್ನುತ್ತಾರೆ. ಇದಕ್ಕೆ ಪ್ರತಿಯಾಗಿ, ಕೆಲವು ಅಂತರುಷ್ಣಕ ಕ್ರಿಯೆಗಳು ಕಾಯಿಸದೆಯೇ ನಡೆಯುತ್ತವೆ. ಜಲಯುಕ್ತ ಬೇರಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಂ ಕ್ಲೋರೈಡ್‌ಗಳ ಹರಳುಗಳನ್ನು ಬೆರೆಸಿದರೆ ಪಾತ್ರೆ ಎಷ್ಟು ತಣ್ಣಗಾಗುತ್ತದೆಂದರೆ, ಅದರ ಕೆಳಗಿರುವ ಒದ್ದೆ ಹಲಗೆಯ ನೀರು ಹೆಪ್ಪುಗಟ್ಟಿ ಪಾತ್ರೆಗೆ ಅಂಟಿಕೊಳ್ಳುತ್ತದೆ. ಘನವಸ್ತುಗಳಿಂದ ಅನಿಲ ಮತ್ತು ದ್ರವ ಉಂಟಾಗಿ ಎಂಟ್ರೊಪಿ ಹೆಚ್ಚುವುದೇ ಇದಕ್ಕೆ ಕಾರಣ. ಆದ್ದರಿಂದ ಕ್ರಿಯೆಯ ದಿಕ್ಕನ್ನು ಎಂಥಾಲ್ಪಿಯೊಂದೇ ನಿರ್ಧರಿಸುವುದಿಲ್ಲ.

ಇತಿಹಾಸ

ಫ್ರಾನ್ಸ್‌ನ ಆಂಟ್ವಾನ್ ಲವಾಸಿಯೇ ಮತ್ತು ಪಿಯರ್ ಸೈಮನ್ ಲಾಪ್ಲಾಸ್ 1782–83ರ ಚಳಿಗಾಲದಲ್ಲಿ ಮಂಜುಗಡ್ಡೆಯ ಉಷ್ಣಮಾಪಕವನ್ನು ಬಳಸಿ, ಕರಗಿದ ಮಂಜುಗಡ್ಡೆಯ ತೂಕದಿಂದ ಕ್ರಿಯೆಗಳ ಉಷ್ಣವನ್ನು ಅಳೆದರು. ಗಿನಿ ಪಿಗ್ ಹೊರಹಾಕಿದ ಉಷ್ಣವನ್ನೂ ಅಳೆದು, ಉಸಿರಾಟವು ನಿಧಾನಗತಿಯ ದಹನ ಎಂಬ ನಿರ್ಣಯಕ್ಕೆ ಬಂದರು. ಕ್ರಿಯೆಯು ಒಂದೇ ಹಂತದಲ್ಲಿ ನಡೆಯಲಿ, ಹಲವು ಹಂತಗಳಲ್ಲಿ ನಡೆಯಲಿ, ಒಟ್ಟು ಉಷ್ಣ ಬದಲಾಗದು ಎಂಬ ನಿಯಮವನ್ನು 1840ರಲ್ಲಿ ರಷ್ಯಾದಲ್ಲಿ ಜರ್ಮೇನ್ ಹೆಸ್ ಮಂಡಿಸಿದನು. ಸುಣ್ಣದ ಮೇಲಿನ ಲೆಕ್ಕವು ಹೆಸ್ ನಿಯಮಕ್ಕೆ ಒಂದು ನಿದರ್ಶನ. ನೇರವಾಗಿ ಅಳೆಯಲು ಕಷ್ಟವಾದ ಕ್ರಿಯೆಗಳ ಉಷ್ಣವನ್ನು ಈ ನಿಯಮದ ನೆರವಿನಿಂದ ಲೆಕ್ಕ ಹಾಕುತ್ತಾರೆ.